ಚೀಫ್ ಡ್ಯಾನ್ ಜಾರ್ಜ್: ಮೂಲನಿವಾಸಿಯ ಮಾತು ಮತ್ತು ತೆರೆಯ ಭಾಷೆ

೧. ಪ್ರವೇಶ

ಭಾರತೀಯ ನಾಟ್ಯಮೀಮಾಂಸೆ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಒಂದು ಜನಸಮುದಾಯವನ್ನು ರಂಗದ ಮೇಲೆ ಅಥವಾ ತೆರೆಯ ಮೇಲೆ ಕಾಣಿಸುವಾಗ ಈ ನಾಲ್ಕರಲ್ಲಿ ಯಾವುದನ್ನು ಅದಕ್ಕೆ ಕೊಡಲಾಗಿದೆ, ಯಾವುದನ್ನು ನಿರಾಕರಿಸಲಾಗಿದೆ ಎಂಬ ಪ್ರಶ್ನೆಯನ್ನು ಕೇಳಿದರೆ ಪ್ರತಿನಿಧೀಕರಣದ ರಾಜಕಾರಣ ಸ್ಪಷ್ಟವಾಗುತ್ತದೆ. ಕನ್ನಡದ ಬರಹಗಳಲ್ಲಿ ಬಹುಕಾಲ 'ರೆಡ್ ಇಂಡಿಯನ್ನರು' ಎಂದು ಕರೆಯಲಾದ ಉತ್ತರ ಅಮೆರಿಕದ ಮೂಲನಿವಾಸಿಗಳಿಗೆ ಹಾಲಿವುಡ್ ಧಾರಾಳವಾಗಿ ಕೊಟ್ಟದ್ದು ಆಹಾರ್ಯವನ್ನು: ಗರಿಯ ಕಿರೀಟ, ಮುಖದ ಬಣ್ಣ, ಕೈಯ ಬಿಲ್ಲು. ಆಂಗಿಕವನ್ನು ಅದು ಕುದುರೆಯ ಓಟಕ್ಕೂ ಯುದ್ಧದ ಕುಣಿತಕ್ಕೂ ಸೀಮಿತಗೊಳಿಸಿತು. ವಾಚಿಕವನ್ನು ಮುರುಕಲು ಇಂಗ್ಲಿಷಿಗೆ ಇಳಿಸಿತು. ಸಾತ್ವಿಕದ ಮಾತೇ ಬರಲಿಲ್ಲ.

ಈ ಹಿನ್ನೆಲೆಯಲ್ಲಿ ಕೆನಡಾದ ನಟ ಚೀಫ್ ಡ್ಯಾನ್ ಜಾರ್ಜ್ (೧೮೯೯-೧೯೮೧) ಅವರ ಚಿತ್ರಜೀವನ ಪರಿಶೀಲನೆಗೆ ಅರ್ಹವಾದುದು. ಅರವತ್ತರ ಅಂಚಿನಲ್ಲಿ ಅಭಿನಯವನ್ನು ಆರಂಭಿಸಿದ ಈ ನಟ ಎರಡು ದಶಕಗಳಲ್ಲಿ ಮಾಡಿದ ಪಾತ್ರಗಳ ಸಂಖ್ಯೆ ದೊಡ್ಡದೇನಲ್ಲ. ಆದರೆ ತೆರೆಯ ಮೇಲಿನ ಮೂಲನಿವಾಸಿ ಹೇಗೆ ಮಾತನಾಡಬಹುದು, ಯಾವುದಕ್ಕೆ ನಗಬಹುದು ಎಂಬ ವಿಷಯದಲ್ಲಿ ಅವರ ಪಾತ್ರಗಳು ಒಂದು ತಿರುವನ್ನು ತಂದವು. ಈ ತಿರುವಿನ ಸ್ವರೂಪವನ್ನೂ ಅದರ ಮಿತಿಯನ್ನೂ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಹೆಸರು, ಶಾಲೆ, ದುಡಿಮೆ

ಡ್ಯಾನ್ ಜಾರ್ಜ್ ಜನಿಸಿದ್ದು ೧೮೯೯ರ ಜುಲೈ ೨೪ರಂದು, ಕೆನಡಾದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಉತ್ತರ ವ್ಯಾಂಕೂವರಿನಲ್ಲಿ. ಕರಾವಳಿ ಸೇಲಿಶ್ ಎಂದು ಕರೆಯಲಾಗುವ ಜನವರ್ಗಕ್ಕೆ ಸೇರಿದ ಸ್ಲೇ-ವಾಟೂತ್ ಸಮುದಾಯ ಅವರದು. ಸಮುದ್ರದ ಹಿನ್ನೀರಿನ ದಂಡೆಯ ಜನ ಎಂಬುದು ಆ ಹೆಸರಿನ ಅರ್ಥ. ಸಮುದಾಯದ ಭಾಷೆ ಹಾಲ್ಕೊಮೆಲೆಮ್. ಮಗುವಿಗೆ ಇಟ್ಟ ಹೆಸರು ಗೆಸ್ವಾನೂತ್ ಸ್ಲಾಹೂಟ್. ನೀರಿನ ಕಡೆಯಿಂದ ನೆಲದ ಮೇಲೆ ಏರಿಬರುವ ಗುಡುಗು ಎಂಬುದು ಇದರ ಭಾವ.

ಐದನೆಯ ವಯಸ್ಸಿನಲ್ಲಿ ಬಾಲಕನನ್ನು ಕ್ರೈಸ್ತ ಮಿಶನ್ನಿನ ವಸತಿಶಾಲೆಗೆ ಸೇರಿಸಲಾಯಿತು. ಅಲ್ಲಿ ಸ್ಲಾಹೂಟ್ ಎಂಬ ಹೆಸರು ಹೋಗಿ ಜಾರ್ಜ್ ಎಂಬ ಹೆಸರು ಬಂದಿತು. ಮಕ್ಕಳನ್ನು ಮನೆಯಿಂದಲೂ ಮನೆಮಾತಿನಿಂದಲೂ ಬೇರ್ಪಡಿಸಿ ಬಿಳಿಯರ ನಾಗರಿಕತೆಗೆ ಒಗ್ಗಿಸುವುದು ಆ ಕಾಲದ ವಸತಿಶಾಲೆಗಳ ಘೋಷಿತ ಗುರಿಯಾಗಿತ್ತು. ತಾಯ್ನುಡಿಯನ್ನಾಡಿದ ಮಕ್ಕಳಿಗೆ ಶಿಕ್ಷೆ ಕೊಡುವುದು ಅಲ್ಲಿ ಸಾಮಾನ್ಯವಾಗಿತ್ತು. ಈ ಶಾಲೆಗಳಲ್ಲಿ ನಡೆದ ಅನ್ಯಾಯಕ್ಕಾಗಿ ಕೆನಡಾ ಸರ್ಕಾರ ಅಧಿಕೃತವಾಗಿ ಕ್ಷಮೆ ಕೇಳಿದ್ದು ೨೦೦೮ರಲ್ಲಿ. ಇಂಗ್ಲಿಷ್ ಮಾತಿನಿಂದ ಖ್ಯಾತರಾಗಲಿದ್ದ ನಟನೊಬ್ಬನಿಗೆ ಆ ಭಾಷೆ ದೊರೆತದ್ದು ಇಂಥ ವ್ಯವಸ್ಥೆಯ ಮೂಲಕ ಎಂಬುದನ್ನು ಮರೆಯುವಂತಿಲ್ಲ.

ಶಾಲೆಯ ನಂತರದ ಬದುಕು ದೈಹಿಕ ದುಡಿಮೆಯದು. ವ್ಯಾಂಕೂವರಿನ ಬಂದರಿನಲ್ಲಿ ಹಡಗುಗಳಿಗೆ ಸರಕು ತುಂಬುವ, ಇಳಿಸುವ ಕೂಲಿಯಾಗಿ ಅವರು ದೀರ್ಘಕಾಲ ಕೆಲಸ ಮಾಡಿದರು. ಅಲ್ಲಿ ಆದ ಅಪಘಾತದ ನಂತರ ಕಟ್ಟಡ ಕೆಲಸ, ಶಾಲಾ ಬಸ್ಸಿನ ಚಾಲನೆ ಮುಂತಾದ ಉದ್ಯೋಗಗಳಲ್ಲಿ ತೊಡಗಿದರು. ೧೯೫೧ರಿಂದ ೧೯೬೩ರವರೆಗೆ ತಮ್ಮ ಸಮುದಾಯದ ಮುಖ್ಯಸ್ಥರಾಗಿದ್ದರು. 'ಚೀಫ್' ಎಂಬುದು ಚಿತ್ರೋದ್ಯಮ ಅಂಟಿಸಿದ ಬಿರುದಲ್ಲ. ಹನ್ನೆರಡು ವರ್ಷ ನಿರ್ವಹಿಸಿದ ಹೊಣೆಯ ಗುರುತು.

ಇಲ್ಲಿ ಎರಡು ಇಸವಿಗಳನ್ನು ಗಮನಿಸಬೇಕು. ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ದಾನ, ಕುಣಿತ, ಕಥನಗಳ ಸಮಾವೇಶವಾದ 'ಪಾಟ್‌ಲ್ಯಾಚ್' ಆಚರಣೆಯನ್ನು ಕೆನಡಾದ ಕಾನೂನು ೧೮೮೫ರಿಂದ ನಿಷೇಧಿಸಿತ್ತು. ಆ ನಿಷೇಧ ಕಾನೂನಿನಿಂದ ಹೊರಬಿದ್ದದ್ದು ೧೯೫೧ರಲ್ಲಿ. ಅಂದರೆ ಡ್ಯಾನ್ ಜಾರ್ಜ್ ಅವರ ಬದುಕಿನ ಮೊದಲ ಐವತ್ತೊಂದು ವರ್ಷ, ಅವರ ಜನರ ಪಾರಂಪರಿಕ ಪ್ರದರ್ಶನಕಲೆಯ ಮುಖ್ಯ ವೇದಿಕೆಯೇ ಅಪರಾಧವೆನಿಸಿತ್ತು. ಇನ್ನು, ತಮ್ಮ ಕಾನೂನುಬದ್ಧ ಮೂಲನಿವಾಸಿ ಸ್ಥಾನವನ್ನು ಬಿಟ್ಟುಕೊಡದೆ ಕೆನಡಾದ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಈ ಜನರಿಗೆ ದೊರೆತದ್ದು ೧೯೬೦ರಲ್ಲಿ. ಡ್ಯಾನ್ ಜಾರ್ಜ್ ಕ್ಯಾಮೆರಾದ ಮುಂದೆ ಬಂದ ಕಾಲವೂ ಅದೇ.

೩. ಹಾಲಿವುಡ್ಡಿನ ಸಿದ್ಧರೂಪ

'ವೆಸ್ಟರ್ನ್' ಎಂದು ಕರೆಯಲಾಗುವ ಅಮೆರಿಕನ್ ಚಿತ್ರಪ್ರಕಾರ ಹತ್ತೊಂಬತ್ತನೆಯ ಶತಮಾನದ ಪಶ್ಚಿಮದ ಆಕ್ರಮಣವನ್ನು ವೀರಗಾಥೆಯಾಗಿ ಕಟ್ಟಿತು. ಆ ಕಥನದಲ್ಲಿ ಮೂಲನಿವಾಸಿಗೆ ಎರಡು ಸ್ಥಾನಗಳಿದ್ದವು: ಬೆಟ್ಟದ ಅಂಚಿನಲ್ಲಿ ಗುಂಪಾಗಿ ಕಾಣಿಸಿಕೊಳ್ಳುವ ಶತ್ರು, ಇಲ್ಲವೇ ಬಿಳಿಯ ನಾಯಕನ ನಿಷ್ಠಾವಂತ ಜೊತೆಗಾರ. ಮುಖ್ಯವಾದ ಪಾತ್ರಗಳನ್ನು ಬಿಳಿಯ ನಟರೇ ಬಣ್ಣ ಬಳಿದುಕೊಂಡು ಮಾಡುವುದು ರೂಢಿಯಾಗಿತ್ತು.

ಎರಡನೆಯ ಮಾದರಿಯ ಪ್ರಸಿದ್ಧ ಉದಾಹರಣೆ ೧೯೪೯ರಿಂದ ೧೯೫೭ರವರೆಗೆ ಪ್ರಸಾರವಾದ 'ದಿ ಲೋನ್ ರೇಂಜರ್' ಎಂಬ ಟೆಲಿವಿಶನ್ ಸರಣಿಯ ಟೊಂಟೊ. ಈ ಪಾತ್ರವನ್ನು ಮಾಡಿದ ಜೇ ಸಿಲ್ವರ್‌ಹೀಲ್ಸ್ ಕೂಡ ಕೆನಡಾದವರೇ. ಆಂಟೇರಿಯೊ ಪ್ರಾಂತದ ಸಿಕ್ಸ್ ನೇಶನ್ಸ್ ನೆಲೆಯ ಮೊಹಾಕ್ ಸಮುದಾಯದವರು. ಬಿಳಿಯ ನಟನ ಬದಲು ಮೂಲನಿವಾಸಿಯೇ ಪಾತ್ರ ಮಾಡಿದ್ದು ಒಂದು ಹೆಜ್ಜೆ ಹೌದು. ಆದರೆ ಟೊಂಟೊನ ಬಾಯಲ್ಲಿ ಬರುತ್ತಿದ್ದುದು ಕ್ರಿಯಾರೂಪಗಳಿಲ್ಲದ, ವಿಭಕ್ತಿ ತಪ್ಪಿದ, ಎಣಿಸಿದಷ್ಟೇ ಪದಗಳ ಇಂಗ್ಲಿಷ್. ಸ್ಪಾನಿಷ್ ಭಾಷೆಯಲ್ಲಿ 'ಟೊಂಟೊ' ಎಂದರೆ ದಡ್ಡ ಎಂದು ಅರ್ಥವಾಗುತ್ತದೆ ಎಂಬುದೂ ಇಲ್ಲಿ ಗಮನಾರ್ಹ.

ಈ ಮುರುಕಲು ಮಾತು ವಾಸ್ತವದ ಅನುಕರಣೆಯಲ್ಲ, ಅದೊಂದು ಸಂಪ್ರದಾಯ. ಮೂಲನಿವಾಸಿಗಳು ತಮ್ಮತಮ್ಮೊಳಗೆ ಮಾತನಾಡುವ ದೃಶ್ಯಗಳಲ್ಲಿಯೂ ಚಿತ್ರಗಳು ಅನೇಕ ವೇಳೆ ಇದೇ ಭಾಷೆಯನ್ನು ಬಳಸಿದವು. ತನ್ನ ತಾಯ್ನುಡಿಯಲ್ಲಿ ಮಾತನಾಡುತ್ತಿರುವ ಮನುಷ್ಯನೂ ತೊದಲುತ್ತಾನೆ ಎಂದರೆ, ಆತನಿಗೆ ಪೂರ್ಣವಾದ ಭಾಷೆಯೇ ಇಲ್ಲ ಎಂದು ಹೇಳಿದಂತೆ. ಭಾಷೆಯಿಲ್ಲದವನಿಗೆ ವಿಚಾರವಿಲ್ಲ, ವಿಚಾರವಿಲ್ಲದವನಿಂದ ನೆಲವನ್ನು ಕಿತ್ತುಕೊಳ್ಳುವುದು ಅನ್ಯಾಯವಾಗಿ ಕಾಣುವುದಿಲ್ಲ. ತೆರೆಯ ವ್ಯಾಕರಣಕ್ಕೂ ವಸಾಹತುಶಾಹಿಯ ತರ್ಕಕ್ಕೂ ಇರುವ ನಂಟು ಇದು.

೪. ಕಿರುತೆರೆ, ಮೈದಾನ, ರಂಗಭೂಮಿ: ೧೯೬೦-೧೯೬೯

ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿಬಿಸಿ ನಿರ್ಮಿಸಿದ 'ಕ್ಯಾರಿಬೂ ಕಂಟ್ರಿ' ಎಂಬ ಸರಣಿಯಲ್ಲಿ ಓಲ್ಡ್ ಆಂಟ್ವಾನ್ ಎಂಬ ವೃದ್ಧನ ಪಾತ್ರದ ಮೂಲಕ ಡ್ಯಾನ್ ಜಾರ್ಜ್ ಅಭಿನಯವನ್ನು ಆರಂಭಿಸಿದರು. ಪಾತ್ರಕ್ಕೆ ನಿಗದಿಯಾಗಿದ್ದ ನಟ ಅಸ್ವಸ್ಥನಾದ ಕಾರಣ ಈ ಅವಕಾಶ ಅವರಿಗೆ ಬಂದಿತು. ಬ್ರಿಟಿಷ್ ಕೊಲಂಬಿಯಾದ ಒಳನಾಡಿನ ದನಗಾಹಿ ಪ್ರದೇಶದ ಜನಜೀವನ ಆ ಸರಣಿಯ ವಸ್ತು. ಪಾಲ್ ಸೇಂಟ್ ಪಿಯರ್ ಅದರ ಲೇಖಕ. ಇದೇ ಕಥಾವಸ್ತುವನ್ನು ಆಧರಿಸಿ ಡಿಸ್ನಿ ಸಂಸ್ಥೆ ೧೯೬೯ರಲ್ಲಿ 'ಸ್ಮಿತ್!' ಎಂಬ ಚಿತ್ರವನ್ನು ತೆಗೆದಾಗ, ಗ್ಲೆನ್ ಫೋರ್ಡ್ ನಾಯಕನಾಗಿದ್ದ ಆ ಚಿತ್ರದಲ್ಲಿಯೂ ಆಂಟ್ವಾನ್ ಪಾತ್ರ ಡ್ಯಾನ್ ಜಾರ್ಜ್ ಅವರದೇ ಆಯಿತು. ಟೊಂಟೊ ಪಾತ್ರದ ಸಿಲ್ವರ್‌ಹೀಲ್ಸ್ ಕೂಡ ಇದೇ ಚಿತ್ರದಲ್ಲಿದ್ದಾರೆ. ಎರಡು ಕಾಲಗಳ ಇಬ್ಬರು ನಟರು ಒಂದೇ ಚಿತ್ರದಲ್ಲಿ ಸೇರಿದ್ದು ಚಾರಿತ್ರಿಕವಾಗಿ ಅರ್ಥಪೂರ್ಣ.

ಈ ಎರಡರ ನಡುವೆ ೧೯೬೭ರಲ್ಲಿ ನಡೆದ ಎರಡು ಘಟನೆಗಳು ಅವರ ವಾಚಿಕವನ್ನು ಅರ್ಥಮಾಡಿಕೊಳ್ಳಲು ಮುಖ್ಯವಾಗುತ್ತವೆ. ಅದು ಕೆನಡಾ ಒಕ್ಕೂಟದ ಶತಮಾನೋತ್ಸವದ ವರ್ಷ. ಜುಲೈ ೧ರಂದು ವ್ಯಾಂಕೂವರಿನ ಎಂಪೈರ್ ಕ್ರೀಡಾಂಗಣದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ಅವರು ಒಕ್ಕೂಟಕ್ಕಾಗಿ ಒಂದು ಶೋಕಗೀತೆ ಎಂಬರ್ಥದ ಶೀರ್ಷಿಕೆಯ ಭಾಷಣವನ್ನು ಓದಿದರು. ಹಬ್ಬಕ್ಕೆ ಕರೆಸಲಾದ ಅತಿಥಿ ಹಬ್ಬವನ್ನೇ ಪ್ರಶ್ನಿಸಿದ ಸಂದರ್ಭವಿದು. ನೂರು ವರ್ಷದ ಸಂಭ್ರಮ ತನ್ನ ಜನರಿಗೆ ಏನನ್ನು ತಂದಿತು ಎಂದು ಕೆನಡಾವನ್ನೇ ಸಂಬೋಧಿಸಿ ಕೇಳುವ ಈ ಭಾಷಣ, ಕಳೆದುಹೋದ ಕಾಡು, ಮೀನು, ಸ್ವಾತಂತ್ರ್ಯಗಳನ್ನು ನೆನೆದು, ಕೊನೆಯಲ್ಲಿ ಬಿಳಿಯರ ವಿದ್ಯೆಯನ್ನೇ ಸಾಧನವಾಗಿ ಹಿಡಿದು ತನ್ನ ಜನ ಮತ್ತೆ ಏಳುವರೆಂಬ ಸಂಕಲ್ಪಕ್ಕೆ ತಲಪುತ್ತದೆ. ದುಃಖದಿಂದ ಆರಂಭವಾಗಿ ಸಂಕಲ್ಪದಲ್ಲಿ ಮುಗಿಯುವ ಈ ರಚನೆ ಮೌಖಿಕ ಪರಂಪರೆಯ ವಾಗ್ಮಿಗೆ ಸಹಜವಾದುದು.

ಅದೇ ವರ್ಷದ ನವೆಂಬರಿನಲ್ಲಿ ವ್ಯಾಂಕೂವರಿನ ಪ್ಲೇಹೌಸ್ ರಂಗಮಂದಿರದಲ್ಲಿ ಜಾರ್ಜ್ ರೀಗಾ ಅವರ 'ದಿ ಎಕ್ಸ್ಟಸಿ ಆಫ್ ರೀಟಾ ಜೋ' ನಾಟಕ ಮೊದಲ ಬಾರಿಗೆ ಪ್ರದರ್ಶಿತವಾಯಿತು. ನಗರಕ್ಕೆ ಬಂದು ನ್ಯಾಯಾಲಯ ಮತ್ತು ಬೀದಿಗಳ ನಡುವೆ ನಾಶವಾಗುವ ಮೂಲನಿವಾಸಿ ಯುವತಿಯೊಬ್ಬಳ ಕಥೆಯಿದು. ಆಕೆಯ ತಂದೆ ಡೇವಿಡ್ ಜೋ ಪಾತ್ರದಲ್ಲಿ ಡ್ಯಾನ್ ಜಾರ್ಜ್ ಅಭಿನಯಿಸಿದರು. ಆದರೆ ನಾಯಕಿ ರೀಟಾ ಜೋ ಪಾತ್ರವನ್ನು ಮಾಡಿದ ಫ್ರಾನ್ಸಸ್ ಹೈಲೆಂಡ್ ಮೂಲನಿವಾಸಿಯಲ್ಲ. ನಾಟಕಕಾರನೂ ಉಕ್ರೇನಿನಿಂದ ವಲಸೆ ಬಂದ ಕುಟುಂಬದವನು. ಮೂಲನಿವಾಸಿಯ ನೋವನ್ನು ಅನ್ಯರು ಬರೆದು ಅನ್ಯರೇ ಅಭಿನಯಿಸುವ ಆವರಣದೊಳಗೆ ಡ್ಯಾನ್ ಜಾರ್ಜ್ ಅವರ ಧ್ವನಿ ಒಂದು ಸಾಕ್ಷ್ಯದಂತೆ ನಿಂತಿತು. ಅವರ ಸಾತ್ವಿಕದ ಮೂಲ ಯಾವುದೇ ಅಭಿನಯ ಶಾಲೆಯಲ್ಲಿಲ್ಲ. ಅರವತ್ತು ವರ್ಷಗಳ ಜೀವಿತದಲ್ಲಿದೆ.

೫. 'ಲಿಟಲ್ ಬಿಗ್ ಮ್ಯಾನ್': ಭಾಷೆಯ ತಿರುವುಮುರುವು

ಥಾಮಸ್ ಬರ್ಜರ್ ಅವರ ೧೯೬೪ರ ಕಾದಂಬರಿಯನ್ನು ಆಧರಿಸಿ ಆರ್ಥರ್ ಪೆನ್ ನಿರ್ದೇಶಿಸಿದ 'ಲಿಟಲ್ ಬಿಗ್ ಮ್ಯಾನ್' ೧೯೭೦ರ ಡಿಸೆಂಬರಿನಲ್ಲಿ ತೆರೆಕಂಡಿತು. ನೂರಿಪ್ಪತ್ತೊಂದು ವರ್ಷದ ಜ್ಯಾಕ್ ಕ್ರ್ಯಾಬ್ ಎಂಬ ಬಿಳಿಯ ತನ್ನ ಬದುಕಿನ ಕಥೆಯನ್ನು ಹೇಳುವ ರೂಪದಲ್ಲಿ ಚಿತ್ರವಿದೆ. ಬಾಲ್ಯದಲ್ಲಿ ಅವನನ್ನು ಶಯೆನ್ ಜನರು ಸಾಕುತ್ತಾರೆ. ಆ ಗುಂಪಿನ ಮುಖ್ಯಸ್ಥ ಓಲ್ಡ್ ಲಾಡ್ಜ್ ಸ್ಕಿನ್ಸ್ ಅವನಿಗೆ ಅಜ್ಜನಾಗುತ್ತಾನೆ. ಡಸ್ಟಿನ್ ಹಾಫ್‌ಮನ್ ಜ್ಯಾಕ್ ಆಗಿ, ಡ್ಯಾನ್ ಜಾರ್ಜ್ ಅಜ್ಜನಾಗಿ ಅಭಿನಯಿಸಿದ್ದಾರೆ.

ಈ ಚಿತ್ರದ ಮುಖ್ಯ ಭಾಷಿಕ ನಿರ್ಧಾರವೊಂದನ್ನು ವಿಶೇಷವಾಗಿ ಗುರುತಿಸಬೇಕು. ಶಯೆನ್ ಜನರು ತಮ್ಮೊಳಗೆ ಮಾತನಾಡುವಾಗ ಚಿತ್ರ ಅದನ್ನು ಸರಾಗವಾದ, ಪೂರ್ಣವಾದ, ಕೆಲವೊಮ್ಮೆ ಗಂಭೀರವೂ ಕೆಲವೊಮ್ಮೆ ತುಂಟತನದ್ದೂ ಆದ ಇಂಗ್ಲಿಷಿನಲ್ಲಿ ಕೇಳಿಸುತ್ತದೆ. ಅಂದರೆ ಪ್ರೇಕ್ಷಕ ಕೇಳುತ್ತಿರುವುದು ಶಯೆನ್ ಭಾಷೆಯ ಅನುವಾದವನ್ನು. ಅನುವಾದದಲ್ಲಿ ಮೂಲದ ಘನತೆ ಉಳಿಯಬೇಕೆಂಬ ಸರಳ ತತ್ವವನ್ನು ಪಾಲಿಸಿದ ಮಾತ್ರಕ್ಕೆ ದಶಕಗಳ ಸಂಪ್ರದಾಯ ಕಳಚಿಬೀಳುತ್ತದೆ. ಬಿಳಿಯರ ಲೋಕದ ಪಾತ್ರಗಳೇ ಈ ಚಿತ್ರದಲ್ಲಿ ಅತಿಮಾತಿನವು, ಸುಳ್ಳಿನವು, ಉನ್ಮಾದದವು. ತೂಕದ ಮಾತು ಅಜ್ಜನದು.

ಈ ಕೃತಿಯಲ್ಲಿ ಶಯೆನ್ ಜನರು ತಮ್ಮನ್ನು ತಾವು 'ಮನುಷ್ಯರು' ಎಂದೇ ಕರೆದುಕೊಳ್ಳುತ್ತಾರೆ. ಅಜ್ಜ ಈ ಪದವನ್ನು ಬಳಸುವಾಗಲೆಲ್ಲ ಕೇಂದ್ರ ಮತ್ತು ಅಂಚುಗಳು ಸ್ಥಾನ ಬದಲಿಸುತ್ತವೆ. 'ಮನುಷ್ಯರು' ಎಂದರೆ ಶಯೆನ್ನರು. ಬಿಳಿಯರು ಅದರ ಹೊರಗಿನವರು. ಎಲ್ಲಕ್ಕೂ ಜೀವವಿದೆಯೆಂದು ಮನುಷ್ಯರು ನಂಬುತ್ತಾರೆ, ಬಿಳಿಯರಾದರೋ ಎಲ್ಲವೂ ನಿರ್ಜೀವವೆಂದು ತಿಳಿಯುತ್ತಾರೆ ಎಂಬ ಆಶಯದ ಮಾತನ್ನು ಹತ್ಯಾಕಾಂಡದ ಹಿನ್ನೆಲೆಯಲ್ಲಿ ಅಜ್ಜ ಆಡುತ್ತಾನೆ. ಡ್ಯಾನ್ ಜಾರ್ಜ್ ಇದನ್ನು ಉಪದೇಶವಾಗಿ ಉಚ್ಚರಿಸುವುದಿಲ್ಲ. ಹವಾಮಾನದ ಬಗ್ಗೆ ಹೇಳುವಷ್ಟು ಸಹಜವಾಗಿ, ತಗ್ಗಿದ ಸ್ವರದಲ್ಲಿ, ವಾಕ್ಯದ ನಡುವೆ ಬಿಡುವು ಕೊಟ್ಟು ಹೇಳುತ್ತಾರೆ. ಮಾತಿನ ಭಾರ ಹೆಚ್ಚಿದಂತೆ ದನಿಯ ಭಾರ ಇಳಿಯುವುದು ಅವರ ವಾಚಿಕದ ಮುಖ್ಯ ಲಕ್ಷಣ.

೧೮೬೮ರ ನವೆಂಬರ್ ೨೭ರಂದು ವಾಶಿಟಾ ನದಿಯ ದಂಡೆಯಲ್ಲಿ ಕಸ್ಟರನ ಸೇನೆ ಶಯೆನ್ ಬೀಡಿನ ಮೇಲೆ ನಡೆಸಿದ ದಾಳಿಯನ್ನು ಚಿತ್ರ ಮರುಸೃಷ್ಟಿಸುತ್ತದೆ. ವಿಯೆಟ್ನಾಮಿನ ಮೈ ಲಾಯ್ ಹತ್ಯಾಕಾಂಡದ ಸುದ್ದಿ ೧೯೬೯ರ ನವೆಂಬರಿನಲ್ಲಿ ಬಹಿರಂಗವಾಗಿದ್ದುದರಿಂದ ಅಂದಿನ ಪ್ರೇಕ್ಷಕರಿಗೆ ಈ ದೃಶ್ಯದ ಸಮಕಾಲೀನತೆ ಸ್ಪಷ್ಟವಾಗಿತ್ತು. ಆ ವೇಳೆಗೆ ಕುರುಡನಾಗಿರುವ ಅಜ್ಜ ತಾನು ಯಾರಿಗೂ ಕಾಣಿಸುತ್ತಿಲ್ಲವೆಂದು ನಂಬಿ, ಕೊಲೆಗಳ ನಡುವೆ ಮುಗುಳ್ನಗುತ್ತ ನಡೆದುಹೋಗುತ್ತಾನೆ. ಕರುಣ ಮತ್ತು ಹಾಸ್ಯಗಳು ಒಂದೇ ಮುಖದಲ್ಲಿ ಕೂಡುವ ಸಂದರ್ಭ ಇದು. ಬಿಳಿಯರ ದೃಷ್ಟಿಗೆ ಮೂಲನಿವಾಸಿ ಮನುಷ್ಯನಾಗಿ ಕಾಣಿಸುವುದೇ ಇಲ್ಲ ಎಂಬ ಚಾರಿತ್ರಿಕ ಸತ್ಯವನ್ನು ಅಜ್ಜನ ಭ್ರಮೆ ಬೇರೊಂದು ದಾರಿಯಿಂದ ಹೇಳುತ್ತದೆ.

ಅಂತ್ಯದಲ್ಲಿ ಚಿತ್ರ ಕಾದಂಬರಿಯಿಂದ ಬೇರೆಯಾಗುತ್ತದೆ. ಕಾದಂಬರಿಯಲ್ಲಿ ಅಜ್ಜ ಬೆಟ್ಟದ ಮೇಲೆ ಪ್ರಾರ್ಥಿಸಿ ಸಾಯುತ್ತಾನೆ. ಚಿತ್ರದಲ್ಲಿಯೂ ಆತ ಸಾಯಲೆಂದೇ ಬೆಟ್ಟ ಹತ್ತಿ, ವಿಧಿಪೂರ್ವಕವಾಗಿ ಪ್ರಾರ್ಥಿಸಿ, ಮಲಗಿ ಕಣ್ಣು ಮುಚ್ಚುತ್ತಾನೆ. ಮಳೆ ಬರುತ್ತದೆ. ಹನಿ ಮುಖದ ಮೇಲೆ ಬಿದ್ದು ರೆಪ್ಪೆ ಅಲುಗುತ್ತದೆ. ತಾನಿನ್ನೂ ಇದೇ ಲೋಕದಲ್ಲಿದ್ದೇನೆಯೆ ಎಂದು ಕೇಳಿ, ಮಂತ್ರ ಕೆಲವೊಮ್ಮೆ ಫಲಿಸುತ್ತದೆ, ಕೆಲವೊಮ್ಮೆ ಇಲ್ಲ ಎಂಬಂಥ ಮಾತಾಡಿ, ಮೊಮ್ಮಗನ ಕೈ ಹಿಡಿದು ಬೆಟ್ಟ ಇಳಿಯುತ್ತಾನೆ. ಅಳಿಯುತ್ತಿರುವ ಕುಲದ ಕೊನೆಯ ವ್ಯಕ್ತಿ ಘನತೆಯಿಂದ ಸಾಯುವುದು ಬಿಳಿಯರ ಸಾಹಿತ್ಯಕ್ಕೆ ಪ್ರಿಯವಾದ ಆಶಯ. ಆ ಸಾವು ಓದುಗನಿಗೆ ಕಣ್ಣೀರನ್ನೂ ಬಿಡುಗಡೆಯನ್ನೂ ಒಟ್ಟಿಗೆ ಕೊಡುತ್ತದೆ. ಸಾಯಲು ನಿರಾಕರಿಸುವ ಅಜ್ಜ ಆ ಬಿಡುಗಡೆಯನ್ನು ಕೊಡುವುದಿಲ್ಲ. ಊಟದ ಹೊತ್ತಾಯಿತೆಂಬ ಹಾಗೆ ಇಳಿದುಬರುವ ಮುದುಕ, ತನ್ನ ಜನ ಇನ್ನೂ ಇದ್ದಾರೆ ಎಂಬುದಕ್ಕೆ ಪುರಾವೆ.

ಈ ಪಾತ್ರಕ್ಕಾಗಿ ಡ್ಯಾನ್ ಜಾರ್ಜ್ ನ್ಯೂಯಾರ್ಕ್ ಚಿತ್ರವಿಮರ್ಶಕರ ವೃತ್ತದ ಪ್ರಶಸ್ತಿಯನ್ನೂ ರಾಷ್ಟ್ರೀಯ ಚಿತ್ರವಿಮರ್ಶಕರ ಸಂಘದ ಪ್ರಶಸ್ತಿಯನ್ನೂ ಪಡೆದರು. ೧೯೭೧ರಲ್ಲಿ ಅತ್ಯುತ್ತಮ ಪೋಷಕನಟ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶಿತರಾದರು. ಆ ಪ್ರಶಸ್ತಿ 'ರಯಾನ್ಸ್ ಡಾಟರ್' ಚಿತ್ರದ ಜಾನ್ ಮಿಲ್ಸ್ ಅವರ ಪಾಲಾಯಿತು. ಆಗ ಡ್ಯಾನ್ ಜಾರ್ಜ್ ಅವರಿಗೆ ೭೧ ವರ್ಷ.

೬. ವ್ಯಂಗ್ಯದ ಸ್ವಾತಂತ್ರ್ಯ: ೧೯೭೪ ಮತ್ತು ೧೯೭೬

ಪಾಲ್ ಮಜರ್ಸ್ಕಿ ನಿರ್ದೇಶನದ 'ಹ್ಯಾರಿ ಅಂಡ್ ಟೊಂಟೊ' (೧೯೭೪) ಚಿತ್ರದಲ್ಲಿ ಡ್ಯಾನ್ ಜಾರ್ಜ್ ಕಾಣಿಸಿಕೊಳ್ಳುವುದು ಸ್ವಲ್ಪ ಹೊತ್ತು ಮಾತ್ರ. ತನ್ನ ಬೆಕ್ಕಿನೊಡನೆ ದೇಶ ಸುತ್ತುವ ವೃದ್ಧನ ಕಥೆಯಿದು. ಬೆಕ್ಕಿನ ಹೆಸರು ಟೊಂಟೊ. ವೃದ್ಧ ಹ್ಯಾರಿ ಒಂದು ರಾತ್ರಿ ಸೆರೆಮನೆಯಲ್ಲಿ ಕಳೆಯಬೇಕಾದಾಗ ಅಲ್ಲಿ ಜೊತೆಗಿರುವವನು ಸ್ಯಾಮ್ ಟೂ ಫೆದರ್ಸ್ ಎಂಬ ನಾಟಿವೈದ್ಯ. ಆತ ಹ್ಯಾರಿಯ ನೋಯುವ ಭುಜಕ್ಕೆ ಚಿಕಿತ್ಸೆ ಮಾಡಿ, ಪ್ರತಿಯಾಗಿ ವಿದ್ಯುತ್ ಮಿಕ್ಸರನ್ನು ಪಡೆಯುವ ವ್ಯವಹಾರ ಕುದುರಿಸುತ್ತಾನೆ. ಪ್ರಾಚೀನ ವಿದ್ಯೆಯ ಭಂಡಾರಿ ಎಂಬ ಗಾಂಭೀರ್ಯವನ್ನೂ ಆಧುನಿಕ ಗ್ರಾಹಕನ ಆಸೆಯನ್ನೂ ಒಂದೇ ಪಾತ್ರದಲ್ಲಿ ಕೂಡಿಸಿದಾಗ ನಗು ಹುಟ್ಟುತ್ತದೆ. ಆದರೆ ಆ ನಗುವಿಗೆ ಗುರಿಯಾಗುವುದು ಸ್ಯಾಮ್ ಅಲ್ಲ. ಅವನಿಂದ ಗಾಂಭೀರ್ಯವನ್ನಷ್ಟೇ ನಿರೀಕ್ಷಿಸುವ ಪ್ರೇಕ್ಷಕ.

ಈ ವ್ಯಂಗ್ಯ ಪೂರ್ಣರೂಪ ಪಡೆದದ್ದು ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ ನಟಿಸಿದ 'ದಿ ಔಟ್‌ಲಾ ಜೋಸಿ ವೇಲ್ಸ್' (೧೯೭೬) ಚಿತ್ರದ ಲೋನ್ ವಾಟಿ ಎಂಬ ಚೆರೊಕೀ ವೃದ್ಧನಲ್ಲಿ. ಆತ ಉದ್ದನೆಯ ಕೋಟು ತೊಟ್ಟು ಎತ್ತರದ ಟೊಪ್ಪಿಗೆ ಧರಿಸಿ ಕಾಣಿಸಿಕೊಳ್ಳುತ್ತಾನೆ. ಗರಿಯ ಕಿರೀಟವನ್ನು ನಿರೀಕ್ಷಿಸಿದ ಕಣ್ಣಿಗೆ ಲಿಂಕನ್ನನ ವೇಷ ಎದುರಾಗುತ್ತದೆ. ಆಹಾರ್ಯದ ಸಂಪ್ರದಾಯ ಇಲ್ಲಿ ಬುಡಮೇಲಾಗಿದೆ.

ಆ ವೇಷದ ಕಥೆಯನ್ನು ಲೋನ್ ವಾಟಿಯೇ ಹೇಳುತ್ತಾನೆ. ಬಿಳಿಯರು 'ನಾಗರಿಕ' ಎಂದು ಹೆಸರಿಟ್ಟ ಬುಡಕಟ್ಟುಗಳ ಮುಖಂಡರು ಅಹವಾಲು ಸಲ್ಲಿಸಲು ಅದೇ ಉಡುಪಿನಲ್ಲಿ ವಾಶಿಂಗ್ಟನ್ನಿಗೆ ಹೋದರು. ಮಂತ್ರಿಯೊಬ್ಬ ಅವರ ಕೈಕುಲುಕಿ, ಸಹಿಸಿಕೊಂಡು ಮುಂದುವರಿಯಲು ಯತ್ನಿಸುತ್ತಿರಿ ಎಂಬರ್ಥದ ಮಾತು ಹೇಳಿ ಕಳುಹಿಸಿದ. ಪತ್ರಿಕೆಗಳು ಅದನ್ನು ಚಿತ್ರದೊಡನೆ ಅಚ್ಚು ಹಾಕಿದವು. ಮುಖಂಡರು ಆ ಮಾತಿನ ಅರ್ಥವನ್ನು ಬಹುಕಾಲ ಯೋಚಿಸಿದರು. ಸಾಕಷ್ಟು ಯೋಚಿಸಿದ ಮೇಲೆ ಒಕ್ಕೂಟದ ಮೇಲೆ ಯುದ್ಧ ಸಾರಿದರು. ಮಂತ್ರಿ ಬಳಸುವ ಇಂಗ್ಲಿಷ್ ಪದಗಳು ಲ್ಯಾಟಿನ್-ಫ್ರೆಂಚ್ ಮೂಲದವು: ಕೇಳಲು ಭಾರ, ಒಳಗೆ ಟೊಳ್ಳು. ಡ್ಯಾನ್ ಜಾರ್ಜ್ ಅವನ್ನು ನಾಲಗೆಯ ಮೇಲೆ ಹೊರಳಿಸಿ, ಒಂದೊಂದು ಅಕ್ಷರಕ್ಕೂ ಗೌರವ ಕೊಟ್ಟು ಉಚ್ಚರಿಸುತ್ತಾರೆ. ಗೌರವ ಹೆಚ್ಚಿದಷ್ಟೂ ಪದದ ಟೊಳ್ಳು ಬಯಲಾಗುತ್ತದೆ. ಒಂದು ಕಾಲದಲ್ಲಿ ತೆರೆಯ ಮೇಲೆ ಇಂಗ್ಲಿಷನ್ನು ಮುರಿಯುವವನು ಮೂಲನಿವಾಸಿಯಾಗಿದ್ದ. ಇಲ್ಲಿ ಇಂಗ್ಲಿಷ್ ಆಡಳಿತಭಾಷೆಯನ್ನು ಪರೀಕ್ಷೆಗೆ ಒಡ್ಡುವವನೇ ಆತ. ವಸತಿಶಾಲೆಯಲ್ಲಿ ಬಲವಂತದಿಂದ ಹೇರಿದ ಭಾಷೆ ಹೇರಿದವರ ವಿಮರ್ಶೆಗೆ ಸಾಧನವಾದುದರ ನಿದರ್ಶನವಾಗಿ ಈ ದೃಶ್ಯವನ್ನು ಓದಬಹುದು.

ಇದೇ ಲೋನ್ ವಾಟಿ ೧೮೩೮ರ 'ಕಣ್ಣೀರಿನ ಹಾದಿ'ಯಲ್ಲಿ, ಅಂದರೆ ಚೆರೊಕೀಗಳ ಬಲವಂತದ ಸ್ಥಳಾಂತರದಲ್ಲಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ಆ ವಿಷಯವನ್ನು ಆತ ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ವ್ಯಂಗ್ಯಕ್ಕೆ ದೀರ್ಘ ಕಥನ, ದುಃಖಕ್ಕೆ ಕಿರುಮಾತು ಎಂಬ ಈ ಹಂಚಿಕೆಯಿಂದಾಗಿ ಹಾಸ್ಯ ಹಗುರಾಗುವುದಿಲ್ಲ, ಕರುಣ ಅಳುವಾಗುವುದಿಲ್ಲ.

೭. ಮಿತಿಗಳು

ಈ ಸಾಧನೆಯ ಜೊತೆಗೆ ಮಿತಿಗಳನ್ನೂ ಹೇಳದಿದ್ದರೆ ವಿವೇಚನೆ ಅಪೂರ್ಣವಾಗುತ್ತದೆ. ಮೊದಲನೆಯದು ಕರ್ತೃತ್ವದ ಪ್ರಶ್ನೆ. ಡ್ಯಾನ್ ಜಾರ್ಜ್ ಅವರ ಪ್ರಸಿದ್ಧ ಪಾತ್ರಗಳ ಮಾತುಗಳನ್ನು ಬರೆದವರು ಬಿಳಿಯರು. ಇದರ ವಿಪರ್ಯಾಸ ತೀವ್ರವಾಗಿರುವುದು 'ಜೋಸಿ ವೇಲ್ಸ್' ವಿಷಯದಲ್ಲಿ. ಅದರ ಮೂಲ ಕಾದಂಬರಿಯನ್ನು ಬರೆದ ಫಾರೆಸ್ಟ್ ಕಾರ್ಟರ್ ತಾನು ಚೆರೊಕೀ ಮೂಲದವನೆಂದು ಹೇಳಿಕೊಂಡಿದ್ದ. ವಾಸ್ತವವಾಗಿ ಆತ ಏಸಾ ಕಾರ್ಟರ್, ಅಲಬಾಮಾ ರಾಜ್ಯದಲ್ಲಿ ಜನಾಂಗ ಪ್ರತ್ಯೇಕತೆಯ ಪರವಾಗಿ ಕೆಲಸ ಮಾಡಿ, ರಾಜ್ಯಪಾಲ ಜಾರ್ಜ್ ವ್ಯಾಲೇಸನಿಗೆ ಭಾಷಣ ಬರೆದುಕೊಟ್ಟವನು. ಆದ್ದರಿಂದ ಲೋನ್ ವಾಟಿಯ ಮಾತಿನ ಘನತೆ ಬರಹದಿಂದ ಬಂದದ್ದೋ ಉಚ್ಚಾರದಿಂದ ಬಂದದ್ದೋ ಎಂಬ ಪ್ರಶ್ನೆ ಸಹಜ. ಒಂದೇ ಪಠ್ಯ ಅನುಕಂಪದ ಚಿತ್ರವಾಗಬಹುದಿತ್ತು, ವಿನೋದದ ವಸ್ತುವಾಗಬಹುದಿತ್ತು; ಅದು ವಿಮರ್ಶೆಯಾದದ್ದು ನಟನ ದನಿ, ಬಿಡುವು, ಮುಖಭಾವಗಳಿಂದ.

ಎರಡನೆಯದು ಸಮುದಾಯಗಳ ವೈವಿಧ್ಯ ಅಳಿಯುವ ಸಮಸ್ಯೆ. ಡ್ಯಾನ್ ಜಾರ್ಜ್ ಶಯೆನ್ ಆದರು, ಚೆರೊಕೀ ಆದರು. ಡೊನಾಲ್ಡ್ ಸದರ್ಲೆಂಡ್ ನಾಯಕನಾಗಿದ್ದ ಕೆನಡಾದ 'ಏಲಿಯನ್ ಥಂಡರ್' (೧೯೭೪) ಚಿತ್ರದಲ್ಲಿ ಕ್ರೀ ಆದರು. ಅಲಾಸ್ಕಾದ ಕಥೆಯಾದ 'ಸ್ಪಿರಿಟ್ ಆಫ್ ದಿ ವಿಂಡ್' (೧೯೭೯) ಚಿತ್ರದಲ್ಲಿ ಮೋಸಸ್ ಎಂಬ ಹಿರಿಯನಾದರು. ಈ ಜನರ ಭಾಷೆಗಳು ಬೇರೆಬೇರೆ ಭಾಷಾಕುಟುಂಬಗಳಿಗೆ ಸೇರಿದವು. ಚೆರೊಕೀ ಇರೊಕ್ವಿಯನ್ ಕುಟುಂಬದ್ದು. ಶಯೆನ್ ಮತ್ತು ಕ್ರೀ ಆಲ್ಗಾಂಕ್ವಿಯನ್ ಕುಟುಂಬದವು. ನಟನ ತಾಯ್ನುಡಿ ಸೇಲಿಶ್ ಕುಟುಂಬದ್ದು. ಚಿತ್ರೋದ್ಯಮದ ಕಣ್ಣಿಗೆ ಇವೆಲ್ಲವೂ ಒಂದೇ 'ಇಂಡಿಯನ್'. ಹಾಲ್ಕೊಮೆಲೆಮ್ ಆಡುವ ಸ್ಲೇ-ವಾಟೂತ್ ಮನುಷ್ಯನ ಪಾತ್ರವೊಂದನ್ನು ಹಾಲಿವುಡ್ ಅವರಿಗಾಗಿ ಬರೆಯಲಿಲ್ಲ. ಪಾತ್ರಗಳ ಆಯ್ಕೆಯಲ್ಲಿಯೂ ಹಳೆಯ ರೂಢಿ ಪೂರ್ತಿ ಹೋಗಿರಲಿಲ್ಲ. 'ಲಿಟಲ್ ಬಿಗ್ ಮ್ಯಾನ್' ಚಿತ್ರದಲ್ಲಿ ಜ್ಯಾಕನ ಶಯೆನ್ ಹೆಂಡತಿಯಾಗಿ ಅಭಿನಯಿಸಿದ ಏಮಿ ಎಕ್ಲ್ಸ್ ಹಾಂಗ್‌ಕಾಂಗ್ ಮೂಲದ ನಟಿ.

ಮೂರನೆಯದು ಹೊಸ ಸಿದ್ಧರೂಪದ ಅಪಾಯ. 'ಕ್ರೂರ ಅನಾಗರಿಕ'ನ ಜಾಗಕ್ಕೆ 'ಜ್ಞಾನಿ ಅಜ್ಜ' ಬಂದ. ಈ ಅಜ್ಜನಿಗೆ ಮಾತು ಉಂಟು, ವಿವೇಕ ಉಂಟು. ಆದರೆ ಕಥೆಯನ್ನು ನಡೆಸುವ ಅಧಿಕಾರ ಬಿಳಿಯ ನಾಯಕನದೇ. ೧೯೬೯ರ ನವೆಂಬರಿನಿಂದ ೧೯೭೧ರ ಜೂನ್‌ವರೆಗೆ ಆಲ್ಕಟ್ರಾಜ್ ದ್ವೀಪವನ್ನೂ ೧೯೭೩ರಲ್ಲಿ ೭೧ ದಿನ ವೂಂಡೆಡ್ ನೀ ಗ್ರಾಮವನ್ನೂ ಮೂಲನಿವಾಸಿ ಚಳವಳಿಗಾರರು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ತೆರೆ ಮಾತ್ರ ಯುವಕರನ್ನು ಬಿಟ್ಟು ವೃದ್ಧನನ್ನು ಆರಿಸಿಕೊಂಡಿತು. ಕೋಪಕ್ಕಿಂತ ಕ್ಷಮೆ ಪ್ರೇಕ್ಷಕನಿಗೆ ಹಿತವಾದುದು. ಅವರನ್ನು ಶಾಂತಿಯ ಪ್ರತಿಮೆಯಾಗಿ ಮಾತ್ರ ನೆನೆಯುವವರು ೧೯೬೭ರ ಕ್ರೀಡಾಂಗಣದ ಮಾತನ್ನು ಮರೆಯುತ್ತಾರೆ. ಆ ಮಾತು ಕ್ಷಮೆಯದಲ್ಲ, ಲೆಕ್ಕ ಕೇಳುವುದು.

೮. ಸಮಾರೋಪ

೧೯೭೧ರಲ್ಲಿ ಆರ್ಡರ್ ಆಫ್ ಕೆನಡಾ ಗೌರವ ಡ್ಯಾನ್ ಜಾರ್ಜ್ ಅವರಿಗೆ ಸಂದಿತು. ೧೯೭೪ರಲ್ಲಿ 'ಮೈ ಹಾರ್ಟ್ ಸೋರ್ಸ್' ಎಂಬ ಅವರ ಪುಸ್ತಕ ಪ್ರಕಟವಾಯಿತು. ೧೯೮೧ರ ಸೆಪ್ಟೆಂಬರ್ ೨೩ರಂದು, ೮೨ನೆಯ ವಯಸ್ಸಿನಲ್ಲಿ, ಅವರು ವ್ಯಾಂಕೂವರಿನಲ್ಲಿ ನಿಧನರಾದರು. ೨೦೦೮ರಲ್ಲಿ ಕೆನಡಾದ ಅಂಚೆ ಇಲಾಖೆ ಹಾಲಿವುಡ್ಡಿನ ಕೆನಡಿಯನ್ನರ ಮಾಲೆಯಲ್ಲಿ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು.

ಅವರ ನಂತರದ ಬೆಳವಣಿಗೆಯಲ್ಲಿ ಭಾಷೆಯ ಪ್ರಶ್ನೆ ಮುಂದಿನ ಹಂತಕ್ಕೆ ಸಾಗಿತು. ೧೯೯೦ರ 'ಡ್ಯಾನ್ಸಸ್ ವಿತ್ ವುಲ್ವ್ಸ್' ಚಿತ್ರದಲ್ಲಿ ಕೆನಡಾದ ಒನೈಡಾ ನಟ ಗ್ರಹಾಂ ಗ್ರೀನ್ (೧೯೫೨-೨೦೨೫) ಲಕೋಟಾ ಭಾಷೆಯಲ್ಲಿ ಸಂಭಾಷಣೆ ಆಡಿ ಆಸ್ಕರ್ ನಾಮನಿರ್ದೇಶನ ಪಡೆದರು. ಅನುವಾದದ ಇಂಗ್ಲಿಷಿನ ಬದಲು ಮೂಲಭಾಷೆಯೇ ಕೇಳಿಸಿತಾದರೂ ಅದು ನಟನ ತಾಯ್ನುಡಿಯಾಗಿರಲಿಲ್ಲ, ಕಥಾನಾಯಕ ಬಿಳಿಯನೇ ಆಗಿದ್ದ. ಝಕರಾಯಸ್ ಕುನ್ನುಕ್ ಅವರ 'ಅಟನಾರ್ಜುಆಟ್' (೨೦೦೧) ಇನ್ಯೂಟ್ ಜನರೇ ತಮ್ಮ ಇನುಕ್ಟಿಟುಟ್ ಭಾಷೆಯಲ್ಲಿ ನಿರ್ಮಿಸಿದ ಕಥಾಚಿತ್ರವಾಗಿ ಕಾನ್ ಉತ್ಸವದಲ್ಲಿ ಮೊದಲ ಚಿತ್ರಕ್ಕಾಗಿ ಕೊಡುವ 'ಕ್ಯಾಮೆರಾ ದೋರ್' ಪ್ರಶಸ್ತಿ ಪಡೆಯಿತು. ೨೦೧೮ರಲ್ಲಿ ಡ್ಯಾನ್ ಜಾರ್ಜ್ ಅವರ ಪ್ರಾಂತದಲ್ಲಿಯೇ, ಅಳಿವಿನ ಅಂಚಿನಲ್ಲಿರುವ ಹೈಡಾ ಭಾಷೆಯಲ್ಲಿ ಪೂರ್ಣಾವಧಿಯ ಕಥಾಚಿತ್ರವೊಂದು ಸಿದ್ಧವಾಯಿತು.

ಈ ಸಾಲಿನಲ್ಲಿಟ್ಟು ನೋಡಿದಾಗ ಡ್ಯಾನ್ ಜಾರ್ಜ್ ಅವರ ಸ್ಥಾನ ನಿಚ್ಚಳವಾಗುತ್ತದೆ. ತೊದಲುವ ಟೊಂಟೊನಿಗೂ ಸ್ವಂತ ಭಾಷೆಯ ಸಿನಿಮಾಕ್ಕೂ ನಡುವಿನ ಸೇತುವೆ ಅವರು. ಅನ್ಯರು ಬರೆದ ಮಾತನ್ನು, ಅನ್ಯರ ಭಾಷೆಯಲ್ಲಿ, ಬೇರೆ ಸಮುದಾಯದ ಹೆಸರಿನಲ್ಲಿ ಆಡಬೇಕಾಗಿ ಬಂದರೂ ಅದರೊಳಗೆ ತನ್ನ ಜನರ ಘನತೆಯನ್ನೂ ನಗುವನ್ನೂ ಅವರು ತುಂಬಿದರು. ಪಠ್ಯವನ್ನು ಬರೆದವನೊಬ್ಬನೇ ಅರ್ಥದ ಒಡೆಯನಲ್ಲ, ಉಚ್ಚರಿಸುವವನೂ ಅರ್ಥವನ್ನು ಕಟ್ಟುತ್ತಾನೆ ಎಂಬುದು ಮೌಖಿಕ ಪರಂಪರೆಗಳ ಅಧ್ಯಯನಕಾರರಿಗೆ ಪರಿಚಿತವಾದ ತತ್ವ. ಸಿನಿಮಾದ ಅಧ್ಯಯನಕ್ಕೂ ಅದು ಅನ್ವಯಿಸುತ್ತದೆ ಎಂಬುದಕ್ಕೆ ಈ ನಟನ ಚಿತ್ರಜೀವನ ಆಧಾರ ಒದಗಿಸುತ್ತದೆ. ಐದು ವರ್ಷದ ಬಾಲಕನಿಂದ ಕಸಿದುಕೊಂಡ ಹೆಸರಿನಲ್ಲಿ ಗುಡುಗಿತ್ತು. ಎಪ್ಪತ್ತರ ನಂತರ ತೆರೆಯ ಮೇಲೆ ಕೇಳಿಸಿದ್ದು ಮೆಲುದನಿ. ಆದರೆ ಅದು ಮೌನವಾಗಿರಲಿಲ್ಲ.